ಲಿಂಡನ್ ಜಾನ್ಸನ್ ಕಾಲದ ಅಮೆರಿಕ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಿ ಹೆಸರು ಎಲ್ಲರಿಗೂ ಗೊತ್ತು. ಬಾಂಗ್ಲಾ ಯುದ್ಧದ ದೆಸೆಯಿಂದ ನಿಕ್ಸನ್ ಹೆಸರೂ ನಮ್ಮವರಿಗೆ ಚೆನ್ನಾಗಿಯೇ ಗೊತ್ತು. ಇವರಿಬ್ಬರ ನಡುವೆ, 1963ರ ನವೆಂಬರ್‌ನಿಂದ 1969ರ ಜನವರಿವರೆಗೆ ಅಧ್ಯಕ್ಷರಾಗಿದ್ದ ಲಿಂಡನ್ ಬೇನ್ಸ್ ಜಾನ್ಸನ್ ಮಾತ್ರ ಮರೆತೇಹೋದ ಹಾಗಿದ್ದಾರೆ. ನೆನಪಿದ್ದರೂ ವಿಯೆಟ್ನಾಂ ಜೊತೆಗಷ್ಟೇ. ಅವರ ಬಗ್ಗೆ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ.

ಯಾರು ಈ ಜಾನ್ಸನ್? ದೊಡ್ಡ ಮನೆತನದವರಾ?

ಇಲ್ಲ. 1908ರಲ್ಲಿ ಟೆಕ್ಸಾಸ್‌ನ ಪೆಡರ್ನೇಲಿಸ್ ನದಿಯ ಹತ್ತಿರ ಹುಟ್ಟಿದರು. ಅಪ್ಪ ರಾಜ್ಯದ ಶಾಸನಸಭೆಯಲ್ಲಿದ್ದವರು, ಆದರೆ ಬೇಸಾಯದಲ್ಲಿ ಸಾಲ ಮಾಡಿಕೊಂಡು ಮುಳುಗಿದರು. ಆ ಸೀಮೆಗೆ ಆಗ ಕರೆಂಟ್ ಕೂಡ ಇರಲಿಲ್ಲ. ಮುಂದೆ ಸಂಸತ್ತಿಗೆ ಆಯ್ಕೆಯಾದಾಗ ತಮ್ಮ ಹಳ್ಳಿಗಳಿಗೆ ವಿದ್ಯುತ್ ತರಿಸಿದ್ದನ್ನು ಜಾನ್ಸನ್ ಕೊನೆಯವರೆಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಅವರ ಬದುಕಿನಲ್ಲಿ ಮುಖ್ಯವಾದ ಊರು ಕಟೂಲಾ. ಕಾಲೇಜು ಓದುವಾಗ ದುಡ್ಡು ಸಾಲದೆ, 1928ರಲ್ಲಿ ಅಲ್ಲಿನ ಶಾಲೆಯೊಂದರಲ್ಲಿ ಮೇಷ್ಟ್ರಾಗಿ ಸೇರಿದರು. ಮಕ್ಕಳೆಲ್ಲ ಮೆಕ್ಸಿಕೋ ಮೂಲದ ಕೂಲಿಯವರ ಮಕ್ಕಳು. ಎಷ್ಟೋ ಮಕ್ಕಳು ಬೆಳಗ್ಗೆ ತಿಂಡಿ ಇಲ್ಲದೆ ಬರುತ್ತಿದ್ದರು. 1965ರಲ್ಲಿ ಮತದಾನದ ಹಕ್ಕಿನ ಬಗ್ಗೆ ಮಾಡಿದ ದೊಡ್ಡ ಭಾಷಣದಲ್ಲಿ ಜಾನ್ಸನ್ ಈ ಮಕ್ಕಳನ್ನೇ ನೆನೆದರು.

ಅಧ್ಯಕ್ಷರಾಗಿದ್ದು ಹೇಗೆ?

1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಕೆನಡಿ ಹತ್ಯೆಯಾಯಿತು. ಉಪಾಧ್ಯಕ್ಷರಾಗಿದ್ದ ಜಾನ್ಸನ್ ಅದೇ ಮಧ್ಯಾಹ್ನ, ಅಲ್ಲೇ ನಿಂತಿದ್ದ ವಿಮಾನದೊಳಗೆ ಪ್ರಮಾಣವಚನ ತೆಗೆದುಕೊಂಡರು. ಬೋಧಿಸಿದವರು ನ್ಯಾಯಾಧೀಶೆ ಸಾರಾ ಹ್ಯೂಸ್. ಮುಂದಿನ ವರ್ಷ ಸ್ವಂತ ಬಲದ ಮೇಲೆ ನಿಂತು ಗೆದ್ದರು. ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್‌ಗೆ ಸಿಕ್ಕಿದ್ದು 52 ಎಲೆಕ್ಟೋರಲ್ ಮತ, ಜಾನ್ಸನ್‌ಗೆ 486.

ನಾಗರಿಕ ಹಕ್ಕುಗಳ ಕಾಯ್ದೆ ಕೆನಡಿಯದ್ದಲ್ವಾ? ಜಾನ್ಸನ್ ಸುಮ್ನೆ ಸಹಿ ಹಾಕಿದರಷ್ಟೇ ಅಲ್ವಾ?

ಮಸೂದೆ ಕಳಿಸಿದ್ದು ಕೆನಡಿ, 1963ರಲ್ಲಿ. ಆದರೆ ಅವರು ಸತ್ತಾಗ ಅದು ಕೆಳಮನೆಯ ಸಮಿತಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಬಣ್ಣಭೇದ ಬಿಡಲು ಒಪ್ಪದ ದಕ್ಷಿಣ ರಾಜ್ಯಗಳ ಸದಸ್ಯರು ಅದನ್ನು ಅಲ್ಲೇ ಕೊಳೆಹಾಕುವ ಲೆಕ್ಕದಲ್ಲಿದ್ದರು.

ಮಸೂದೆಯಲ್ಲಿ ಇದ್ದದ್ದು ಏನು? ಹೋಟೆಲ್, ಸಿನಿಮಾ ಮಂದಿರ, ಬಸ್ ನಿಲ್ದಾಣದಲ್ಲಿ ಬಿಳಿಯರಿಗೊಂದು ಕಡೆ, ಕಪ್ಪು ಜನರಿಗೊಂದು ಕಡೆ ಅನ್ನುವ ಹಾಗಿಲ್ಲ. ಕೆಲಸಕ್ಕೆ ತೆಗೆದುಕೊಳ್ಳುವಾಗ ಬಣ್ಣ, ಧರ್ಮ, ಹೆಣ್ಣು-ಗಂಡು ಅಂತ ಭೇದ ಮಾಡುವ ಹಾಗಿಲ್ಲ. ಹೆಣ್ಣು-ಗಂಡು ಅನ್ನುವ ಮಾತನ್ನು ಸೇರಿಸಿದವರು ವರ್ಜೀನಿಯಾದ ಹೊವರ್ಡ್ ಸ್ಮಿತ್, ಮಸೂದೆಯ ಕಟ್ಟಾ ವಿರೋಧಿ. ಅವರ ಮನಸ್ಸಿನಲ್ಲಿ ಏನಿತ್ತು ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಲಾಭವಾದದ್ದು ಮಾತ್ರ ಕೋಟಿಗಟ್ಟಲೆ ಹೆಂಗಸರಿಗೆ.

ಕೆಳಮನೆ ದಾಟಿದ ಮೇಲೆ ಸೆನೆಟ್‌ನಲ್ಲಿ ನಿಜವಾದ ಕುಸ್ತಿ ಶುರುವಾಯಿತು. ಅಲ್ಲಿ ಮಾತು ನಿಲ್ಲಿಸದೆ ಆಡುತ್ತಲೇ ಇದ್ದರೆ ಮತಕ್ಕೆ ಹಾಕುವಂತಿಲ್ಲ. ದಕ್ಷಿಣದವರ ನಾಯಕ ಜಾರ್ಜಿಯಾದ ರಿಚರ್ಡ್ ರಸೆಲ್. ಜಾನ್ಸನ್‌ಗೆ ಸೆನೆಟ್ ರಾಜಕೀಯ ಕಲಿಸಿದ ಗುರು ಇವರೇ. ಗುರುವನ್ನು ಸೋಲಿಸಲು 67 ಮತ ಬೇಕಿತ್ತು. ದಕ್ಷಿಣದವರನ್ನು ಬಿಟ್ಟರೆ ಅಷ್ಟು ಮತ ಸ್ವಂತ ಪಕ್ಷದಲ್ಲಿ ಇರಲಿಲ್ಲ. ಹಾಗಾಗಿ ಎದುರು ಪಕ್ಷದ ನಾಯಕ ಎವರೆಟ್ ಡರ್ಕ್‌ಸನ್ ಅವರನ್ನು ಒಲಿಸಿಕೊಳ್ಳಬೇಕಾಯಿತು. ಹೊಗಳಿಕೆ, ಕೆಲವು ತಿದ್ದುಪಡಿ, ಹೆಸರು ಬರುವ ಆಸೆ, ಎಲ್ಲವೂ ಕೆಲಸ ಮಾಡಿದವು. ಜೂನ್ 10ರಂದು 71-29ರಿಂದ ಮಾತು ನಿಲ್ಲಿಸುವ ನಿರ್ಣಯ ಗೆದ್ದಿತು. ನಾಗರಿಕ ಹಕ್ಕಿನ ಮಸೂದೆಯೊಂದರ ವಿಷಯದಲ್ಲಿ ಹೀಗಾಗಿದ್ದು ಅದೇ ಮೊದಲು. ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್‌ಗೆ ಮೆದುಳಿನ ಗಡ್ಡೆಯಾಗಿ ಮಾತೇ ನಿಂತುಹೋಗಿತ್ತು. ಗಾಲಿಕುರ್ಚಿಯಲ್ಲಿ ಬಂದು, ತಮ್ಮ ಕಣ್ಣಿನತ್ತ ಬೆರಳು ತೋರಿಸಿ ಒಪ್ಪಿಗೆ ಹೇಳಿದರು. ಇಂಗ್ಲಿಷಿನಲ್ಲಿ ಕಣ್ಣು ಅಂದರೂ ಒಪ್ಪಿಗೆ ಅಂದರೂ ಕೇಳಿಸುವುದು "ಐ" ಅಂತಲೇ. ಜುಲೈ 2, 1964ರಂದು ಜಾನ್ಸನ್ ಸಹಿ ಹಾಕಿದರು.

ಇನ್ನೊಂದು ಮಾತನ್ನೂ ಹೇಳಬೇಕು. ಸಂಸತ್ತಿಗೆ ಬಂದ ಮೊದಲ ಇಪ್ಪತ್ತು ವರ್ಷ ಇದೇ ಜಾನ್ಸನ್ ಇಂಥ ಪ್ರತಿಯೊಂದು ಮಸೂದೆಗೂ ವಿರುದ್ಧ ಮತ ಹಾಕಿದ್ದರು. ಟೆಕ್ಸಾಸ್‌ನ ವೋಟು ಬೇಕಿತ್ತು, ಹಾಕಿದರು. 1957ರಲ್ಲಿ ದಿಕ್ಕು ಬದಲಾಯಿತು. ಆಗ ರಾಷ್ಟ್ರಮಟ್ಟದ ಆಸೆ ಹುಟ್ಟಿತ್ತು ಅನ್ನುವವರೂ ಇದ್ದಾರೆ, ಕಟೂಲಾ ಮೇಷ್ಟ್ರು ಎಚ್ಚೆತ್ತರು ಅನ್ನುವವರೂ ಇದ್ದಾರೆ. ನನ್ನ ಮಟ್ಟಿಗೆ ಎರಡೂ ನಿಜ.

"ಜಾನ್ಸನ್ ಟ್ರೀಟ್‌ಮೆಂಟ್" ಅಂದರೇನು?

ಆರಡಿ ಮೂರಿಂಚಿಗಿಂತ ಎತ್ತರದ ಆಳು. ಎದುರಿನವರ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು, ಕೋಟಿನ ಕೊರಳುಪಟ್ಟಿ ಹಿಡಿದು ಮಾತಾಡುತ್ತಿದ್ದರು. ಬೇಡಿಕೊಳ್ಳುವುದು, ಹೆದರಿಸುವುದು, ನಗಿಸುವುದು, ಎಲ್ಲ ಒಂದೇ ಉಸಿರಲ್ಲಿ. ಫೋಟೋಗಳು ಸಿಗುತ್ತವೆ, ನೋಡಿ. ಎದುರಿಗೆ ಸಿಕ್ಕವರು ಬೆನ್ನು ಬಾಗಿಸಿ ಹಿಂದಕ್ಕೆ ವಾಲಿರುತ್ತಾರೆ. ಇದರ ಹಿಂದೆ ಪೂರ್ವತಯಾರಿಯೂ ಇತ್ತು. ಯಾವ ಸೆನೆಟರ್‌ಗೆ ಯಾವ ಅಣೆಕಟ್ಟು ಬೇಕು, ಯಾರ ಹೆಂಡತಿಗೆ ಹುಷಾರಿಲ್ಲ, ಯಾರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದರೆ ಸರಿ, ಎಲ್ಲವೂ ಅವರ ತಲೆಯಲ್ಲಿರುತ್ತಿತ್ತು.

"ಗ್ರೇಟ್ ಸೊಸೈಟಿ" ಯೋಜನೆಯಲ್ಲಿ ಇವತ್ತಿಗೂ ಉಳಿದಿರುವುದು ಏನು?

ಬಡತನ, ಆರೋಗ್ಯ, ಶಿಕ್ಷಣಕ್ಕಾಗಿ ಜಾನ್ಸನ್ ತಂದ ಯೋಜನೆಗಳಿಗೆಲ್ಲ ಸೇರಿ ಇಟ್ಟ ಹೆಸರು ಅದು. ಬಹಳಷ್ಟು ಉಳಿದಿದೆ. 65 ದಾಟಿದವರಿಗೆ ಸರ್ಕಾರಿ ಆರೋಗ್ಯ ವಿಮೆ ಕೊಡುವ ಮೆಡಿಕೇರ್, ಬಡವರಿಗೆ ಮೆಡಿಕೇಡ್, ಬಡ ಮನೆಯ ಪುಟ್ಟ ಮಕ್ಕಳನ್ನು ಶಾಲೆಗೆ ತಯಾರು ಮಾಡುವ ಹೆಡ್ ಸ್ಟಾರ್ಟ್, ಶಾಲೆಗಳಿಗೆ ಕೇಂದ್ರದ ಹಣ, ಸಾರ್ವಜನಿಕ ಟಿವಿ, ರೇಡಿಯೋ. 1964ರಲ್ಲಿ ನೂರಕ್ಕೆ 19 ಜನ ಬಡತನದ ರೇಖೆಗಿಂತ ಕೆಳಗಿದ್ದರು. 1969ರ ಹೊತ್ತಿಗೆ ಅದು 12ರ ಸುತ್ತಮುತ್ತ ಬಂತು. ಅದರಲ್ಲಿ ಆರ್ಥಿಕತೆ ಜೋರಾಗಿ ಬೆಳೆದ ಪಾಲೂ ಇದೆ.

ಮೆಡಿಕೇರ್‌ಗೆ ಸಹಿ ಹಾಕಿದ್ದು 1965ರ ಜುಲೈ 30ರಂದು, ಹಳೆಯ ಅಧ್ಯಕ್ಷ ಟ್ರೂಮನ್ ಅವರ ಊರಿಗೇ ಹೋಗಿ. ಮೊದಲ ಕಾರ್ಡು ಟ್ರೂಮನ್ ಅವರಿಗೇ ಸಿಕ್ಕಿತು. ಇದರ ಒಳಗೇ ಇನ್ನೊಂದು ಕೆಲಸ ಅಡಗಿತ್ತು, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಬಣ್ಣ ನೋಡಿ ರೋಗಿಗಳನ್ನು ಬೇರೆ ಬೇರೆ ವಾರ್ಡಿಗೆ ಹಾಕುವ ಆಸ್ಪತ್ರೆಗೆ ಮೆಡಿಕೇರ್ ದುಡ್ಡು ಇಲ್ಲ ಅಂತ ಸರ್ಕಾರ ಹೇಳಿತು. ಯೋಜನೆ ಜಾರಿಗೆ ಬಂದದ್ದು 1966ರ ಜುಲೈ 1ರಂದು. ಅಷ್ಟರಲ್ಲಿ ದಕ್ಷಿಣದ ನೂರಾರು ಆಸ್ಪತ್ರೆಗಳು ಗದ್ದಲವಿಲ್ಲದೆ ವಾರ್ಡುಗಳನ್ನು ಒಂದು ಮಾಡಿದ್ದವು. ಉಪದೇಶಕ್ಕೆ ಬಗ್ಗದವರು ದುಡ್ಡಿಗೆ ಬಗ್ಗಿದರು!

ಸೆಲ್ಮಾದಲ್ಲಿ ಆಗಿದ್ದೇನು?

1964ರ ಕಾಯ್ದೆಯಿಂದ ಹೋಟೆಲಿನ ಬಾಗಿಲು ತೆರೆಯಿತು, ಮತಗಟ್ಟೆಯ ಬಾಗಿಲು ತೆರೆಯಲಿಲ್ಲ. ಅಲಬಾಮಾದ ಸೆಲ್ಮಾದಲ್ಲಿ ಕಪ್ಪು ಜನ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರೆ ಓದು-ಬರಹದ ಪರೀಕ್ಷೆ ಅಂತ ಇಲ್ಲದ ಪ್ರಶ್ನೆ ಕೇಳಿ ವಾಪಸ್ ಕಳಿಸುತ್ತಿದ್ದರು. 1965ರ ಮಾರ್ಚ್ 7ರಂದು ಎಡ್ಮಂಡ್ ಪೆಟ್ಟಸ್ ಸೇತುವೆಯ ಮೇಲೆ ಶಾಂತಿಯಿಂದ ನಡೆದುಹೋಗುತ್ತಿದ್ದವರನ್ನು ಪೊಲೀಸರು ಲಾಠಿ, ಅಶ್ರುವಾಯು, ಕುದುರೆಗಳಿಂದ ಚದುರಿಸಿದರು. ಇಡೀ ದೇಶ ಅದನ್ನು ಟಿವಿಯಲ್ಲಿ ನೋಡಿತು.

ಎಂಟು ದಿನದ ಮೇಲೆ ಜಾನ್ಸನ್ ಸಂಸತ್ತಿನ ಮುಂದೆ ನಿಂತು, ಚಳವಳಿಗಾರರು ಹಾಡುತ್ತಿದ್ದ "ನಾವು ಗೆದ್ದೇ ಗೆಲ್ಲುತ್ತೇವೆ" ಅನ್ನುವ ಸಾಲನ್ನೇ ಹೇಳಿದರು. ಆಗಸ್ಟ್ 6ರಂದು ಮತದಾನ ಹಕ್ಕಿನ ಕಾಯ್ದೆ ಬಂತು. ಮಿಸಿಸಿಪ್ಪಿಯಲ್ಲಿ ನೂರಕ್ಕೆ ಏಳು ಮಂದಿ ಕಪ್ಪು ಜನರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಎರಡು ಮೂರು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೆಸರು ಸೇರಿತು. ಶ್ರೇಯಸ್ಸು ಜಾನ್ಸನ್‌ಗೆ ಎಷ್ಟು ಸಲ್ಲಬೇಕೋ ಅದಕ್ಕಿಂತ ಜಾಸ್ತಿ ಆ ಸೇತುವೆ ಮೇಲೆ ಪೆಟ್ಟು ತಿಂದವರಿಗೆ ಸಲ್ಲಬೇಕು. ಅವರು ನಡೆಯದಿದ್ದರೆ ಆ ವರ್ಷ ಮಸೂದೆಯೇ ಇರುತ್ತಿರಲಿಲ್ಲ.

ವಿಯೆಟ್ನಾಂಗೆ ಯಾಕೆ ಹೋದರು? ಬೇಡ ಅನ್ನಬಹುದಿತ್ತಲ್ವಾ?

ಸೆಲ್ಮಾ ಸೇತುವೆಯ ಘಟನೆಯ ಮರುದಿನವೇ, 1965ರ ಮಾರ್ಚ್ 8ರಂದು, ಅಮೆರಿಕದ ನೌಕಾ ಯೋಧರು ದಾ ನಾಂಗ್ ಕಡಲತೀರದಲ್ಲಿ ಇಳಿದರು. ಹಕ್ಕಿನ ಹೋರಾಟವೂ ಯುದ್ಧವೂ ಒಂದೇ ವಾರದ ಸುದ್ದಿ, ಒಂದೇ ಮೇಜಿನ ಮೇಲಿನ ಕಡತ.

ಯುದ್ಧ ಜಾನ್ಸನ್ ಹುಟ್ಟುಹಾಕಿದ್ದಲ್ಲ. ಅವರು ಬಂದಾಗ ದಕ್ಷಿಣ ವಿಯೆಟ್ನಾಂನಲ್ಲಿ ಸುಮಾರು 16 ಸಾವಿರ ಅಮೆರಿಕನ್ ಮಿಲಿಟರಿ ಸಲಹೆಗಾರರಿದ್ದರು. ಒಂದು ದೇಶ ಕಮ್ಯುನಿಸ್ಟರ ಪಾಲಾದರೆ ಅಕ್ಕಪಕ್ಕದ್ದೂ ಹೋಗುತ್ತದೆ ಅನ್ನುವುದನ್ನು ಆಗ ವಾಷಿಂಗ್ಟನ್‌ನಲ್ಲಿ ಬಹುತೇಕ ಎಲ್ಲರೂ ನಂಬಿದ್ದರು. 1949ರಲ್ಲಿ ಚೀನಾ "ಕಳೆದುಹೋದಾಗ" ಟ್ರೂಮನ್ ಪಕ್ಷ ಎಷ್ಟು ಬೈಗುಳ ತಿಂದಿತು ಅನ್ನುವುದನ್ನು ಜಾನ್ಸನ್ ಕಣ್ಣಾರೆ ಕಂಡಿದ್ದರು. ವಿಯೆಟ್ನಾಂ ಕೈಬಿಟ್ಟರೆ ತಮ್ಮ ಬಡತನದ ಯೋಜನೆಗಳಿಗೂ ಸಂಸತ್ತು ಕಲ್ಲು ಹಾಕುತ್ತದೆ ಅನ್ನುವ ಹೆದರಿಕೆ ಅವರಿಗಿತ್ತು.

1964ರ ಆಗಸ್ಟ್‌ನಲ್ಲಿ ಟೊಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ಎರಡು ಸಲ ದಾಳಿಯಾಯಿತು ಅಂತ ಸುದ್ದಿ ಬಂತು. ಮೊದಲನೆಯದು ನಿಜ. ಎರಡನೆಯದು ನಡೆದೇ ಇರಲಿಲ್ಲ ಅಂತ ಗುಪ್ತಚರ ಸಂಸ್ಥೆಯದ್ದೇ ಕಡತಗಳು ಆಮೇಲೆ ಹೇಳಿದವು. ಅದರ ಮೇಲೆ ಸಂಸತ್ತು ಅಧ್ಯಕ್ಷರ ಕೈಗೆ ಖಾಲಿ ಚೆಕ್ ಕೊಟ್ಟಂಥ ನಿರ್ಣಯ ಮಾಡಿತು. ಕೆಳಮನೆಯಲ್ಲಿ 416-0, ಸೆನೆಟ್‌ನಲ್ಲಿ 88-2. ಬೇಡ ಅಂದ ಆ ಇಬ್ಬರು ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್.

ಹೊಟ್ಟೆ ಉರಿಯುವ ವಿಷಯ ಏನೆಂದರೆ, ಜಾನ್ಸನ್‌ಗೆ ಸಂಶಯ ಮೊದಲೇ ಇತ್ತು. 1964ರ ಮೇ 27ರಂದು ಸಲಹೆಗಾರ ಬಂಡಿ ಜೊತೆ ಫೋನಿನಲ್ಲಿ ಮಾತಾಡುತ್ತಾ, ಇದಕ್ಕಾಗಿ ಹೊಡೆದಾಡುವುದು ತಕ್ಕದ್ದಲ್ಲ, ಆದರೆ ಹೊರಗೆ ಬರುವುದಕ್ಕೂ ಆಗುವುದಿಲ್ಲ ಅಂದಿದ್ದರು. ಗೊತ್ತಿದ್ದೂ ಹೋದರು.

ಹಾಗಾದರೆ ಒಳ್ಳೆಯ ಜಾನ್ಸನ್, ಕೆಟ್ಟ ಜಾನ್ಸನ್ ಅಂತ ಇಬ್ಬರಾ?

ಎಷ್ಟೋ ಜನ ಹಾಗೆ ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎರಡೂ ಕಡೆ ಕೆಲಸ ಮಾಡಿದ್ದು ಒಂದೇ ಸ್ವಭಾವ. ಎದುರಿಗಿರುವವನಿಗೆ ಒಂದು ಬೆಲೆ ಇರುತ್ತದೆ, ಅದನ್ನು ಕಂಡುಹಿಡಿದರೆ ಒಪ್ಪಂದ ಆಗೇ ಆಗುತ್ತದೆ ಅನ್ನುವುದು ಅವರ ನಂಬಿಕೆ. ಡರ್ಕ್‌ಸನ್ ವಿಷಯದಲ್ಲಿ ಅದು ಗೆದ್ದಿತು. 1965ರ ಏಪ್ರಿಲ್ 7ರಂದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಇದೇ ವರಸೆಯನ್ನು ಉತ್ತರ ವಿಯೆಟ್ನಾಂನ ಕಮ್ಯುನಿಸ್ಟ್ ನಾಯಕ ಹೋ ಚಿ ಮಿನ್ ಮೇಲೆ ಪ್ರಯೋಗಿಸಿದರು. ಯುದ್ಧ ನಿಂತರೆ ಮೆಕಾಂಗ್ ನದಿಯ ಸೀಮೆಯ ಅಭಿವೃದ್ಧಿಗೆ ನೂರು ಕೋಟಿ ಡಾಲರ್ ಅಂದರು. ಪೆಡರ್ನೇಲಿಸ್‌ಗೆ ಕರೆಂಟ್ ತಂದವರಿಗೆ ಇದಕ್ಕಿಂತ ದೊಡ್ಡ ಆಸೆ ತೋರಿಸುವುದು ಸಾಧ್ಯವೇ ಇರಲಿಲ್ಲ. ಆದರೆ ಫ್ರೆಂಚರನ್ನು ಓಡಿಸಿ, ದೇಶ ಒಂದಾಗಲಿ ಅಂತ ಕಾದು ಕೂತವರಿಗೆ ಅಣೆಕಟ್ಟಿನ ಆಸೆ ಎಲ್ಲಿಂದ ಬರಬೇಕು? ಸೆನೆಟ್‌ನ ನೂರು ಜನರನ್ನು ಅಂಗೈ ಗೆರೆಯ ಹಾಗೆ ಓದಿದ್ದವರು ಹೋ ಅವರ ರಾಜಧಾನಿ ಹನೋಯ್‌ನ ಒಬ್ಬರನ್ನೂ ಓದಿರಲಿಲ್ಲ.

ಒಪ್ಪದಿದ್ದಾಗ ಒತ್ತಡ ಹೆಚ್ಚಿಸುತ್ತಾ ಹೋದರು. ಚೀನಾ ಕೊರಿಯಾದಲ್ಲಿ ಮಾಡಿದ ಹಾಗೆ ನೇರ ಯುದ್ಧಕ್ಕೆ ಇಳಿಯಬಾರದು, ಸೋವಿಯತ್ ರೊಚ್ಚಿಗೇಳಬಾರದು, ಸೋತೆವು ಅಂತಲೂ ಆಗಬಾರದು. ಹಾವೂ ಸಾಯದ, ಕೋಲೂ ಮುರಿಯದ ಯುದ್ಧ. 1965ರ ಕೊನೆಗೆ 1.84 ಲಕ್ಷ ಸೈನಿಕರು, 1968ರ ಕೊನೆಗೆ 5.36 ಲಕ್ಷ. ಅವರು ಅಧಿಕಾರ ಬಿಡುವ ಹೊತ್ತಿಗೆ ಸುಮಾರು 36 ಸಾವಿರ ಅಮೆರಿಕನ್ನರು ಸತ್ತಿದ್ದರು. ವಿಯೆಟ್ನಾಂ ಜನರ ಸಾವು ಅದರ ಎಷ್ಟೋ ಪಟ್ಟು.

ಸೋವಿಯತ್ ಜೊತೆ ಸಂಬಂಧ ಹೇಗಿತ್ತು?

ವಿಚಿತ್ರ ಅನ್ನಿಸಬಹುದು, ವಿಯೆಟ್ನಾಂನಲ್ಲಿ ಸೋವಿಯತ್ ಕ್ಷಿಪಣಿಗಳು ಅಮೆರಿಕದ ವಿಮಾನಗಳನ್ನು ಬೀಳಿಸುತ್ತಿರುವಾಗಲೇ ಎರಡೂ ದೇಶಗಳ ನಡುವೆ ಮಾತುಕತೆ ಚೆನ್ನಾಗಿ ನಡೆಯಿತು. ಬಾಹ್ಯಾಕಾಶದಲ್ಲಿ ಅಣ್ವಸ್ತ್ರ ಇಡಬಾರದು ಅನ್ನುವ ಒಪ್ಪಂದ 1967ರ ಜನವರಿಯಲ್ಲಿ. ಅಣ್ವಸ್ತ್ರ ಹರಡದಂತೆ ತಡೆಯುವ ಒಪ್ಪಂದ 1968ರ ಜುಲೈ 1ರಂದು. ಭಾರತ ಈ ಎರಡನೆಯದಕ್ಕೆ ಇವತ್ತಿಗೂ ಸಹಿ ಹಾಕಿಲ್ಲ. ಎರಡೂ ಸರ್ಕಾರಗಳ ನಡುವೆ ಕೆನಡಿ ಕಾಲದಲ್ಲಿ ಹಾಕಿದ್ದ ನೇರ ಸಂಪರ್ಕದ ಹಾಟ್‌ಲೈನ್ ಬಿಕ್ಕಟ್ಟಿನಲ್ಲಿ ಮೊದಲು ಬಳಕೆಯಾದದ್ದು ಜಾನ್ಸನ್ ಕಾಲದಲ್ಲಿ, 1967ರ ಜೂನ್‌ನ ಅರಬ್-ಇಸ್ರೇಲ್ ಯುದ್ಧದ ಹೊತ್ತಿಗೆ.

ಅದೇ ತಿಂಗಳು ಸೋವಿಯತ್ ಪ್ರಧಾನಿ ಕೊಸಿಗಿನ್ ವಿಶ್ವಸಂಸ್ಥೆಗೆ ಬಂದಿದ್ದರು. ಅವರು ವಾಷಿಂಗ್ಟನ್‌ಗೆ ಬರಲು ಒಲ್ಲೆ ಅಂದರು, ಇವರು ನ್ಯೂಯಾರ್ಕ್‌ಗೆ ಹೋಗಲು ಒಲ್ಲೆ ಅಂದರು. ಕೊನೆಗೆ ನಡುವಿನ ಗ್ಲಾಸ್‌ಬರೋ ಅನ್ನುವ ಪುಟ್ಟ ಊರಿನ ಕಾಲೇಜಿನಲ್ಲಿ, ಅಲ್ಲಿನ ಮುಖ್ಯಸ್ಥರ ಮನೆಯಲ್ಲಿ ಭೇಟಿಯಾದರು. ಕ್ಷಿಪಣಿಗಳನ್ನು ತಡೆಯುವ ವ್ಯವಸ್ಥೆಗೆ ಇಬ್ಬರೂ ಮಿತಿ ಹಾಕಿಕೊಳ್ಳೋಣ ಅಂತ ಅಮೆರಿಕ ಹೇಳಿದರೆ, ರಕ್ಷಣೆ ಮಾಡಿಕೊಳ್ಳುವುದರಲ್ಲಿ ತಪ್ಪೇನು ಅಂತ ಕೊಸಿಗಿನ್ ಕೇಳಿದರು. ಒಪ್ಪಂದ ಆಗಲಿಲ್ಲ.

ಮುಂದಿನ ವರ್ಷ ಜಾನ್ಸನ್ ಸೋವಿಯತ್‌ಗೆ ಹೋಗುವುದು ನಿಶ್ಚಯವಾಯಿತು. ಆಗಸ್ಟ್ 21ರಂದು ಪ್ರಕಟಿಸಬೇಕಿತ್ತು. ಹಿಂದಿನ ಸಂಜೆ ರಾಯಭಾರಿ ಡೊಬ್ರಿನಿನ್ ಶ್ವೇತಭವನಕ್ಕೆ ಬಂದು, ನಮ್ಮ ಪಡೆ ಚೆಕೊಸ್ಲೊವಾಕಿಯಾದೊಳಗೆ ಹೋಗುತ್ತಿದೆ ಅಂದರು. ಪ್ರವಾಸ ಅಲ್ಲಿಗೆ ಮುಗಿಯಿತು.

ಭಾರತದ ಜೊತೆ ಜಾನ್ಸನ್ ಹೇಗಿದ್ದರು?

ಕೊಡುಗೈಯೂ ಹೌದು, ಬಿಗಿಮುಷ್ಟಿಯೂ ಹೌದು. 1965ರಲ್ಲಿ ಶಾಸ್ತ್ರಿಯವರ ಅಮೆರಿಕ ಭೇಟಿಯನ್ನು ತಾವಾಗಿಯೇ ಮುಂದಕ್ಕೆ ಹಾಕಿ ದೆಹಲಿಗೆ ಸಿಟ್ಟು ತರಿಸಿದರು. ಆಮೇಲೆ ಸಾಲಾಗಿ ಎರಡು ವರ್ಷ ಬರ ಬಂತು. 1966ರಲ್ಲಿ ಭಾರತ ಸುಮಾರು ಒಂದು ಕೋಟಿ ಟನ್ ಧಾನ್ಯ ತರಿಸಿಕೊಂಡಿತು. ಹೆಚ್ಚಿನದು ಅಮೆರಿಕದ ಆಹಾರ ನೆರವಿನ ಕಾಯ್ದೆಯಾದ ಪಿಎಲ್-480ರ ಅಡಿ ಬಂದ ಗೋಧಿ. ಹಡಗಿನಿಂದ ನೇರ ಬಾಯಿಗೆ ಅನ್ನುವ ಪರಿಸ್ಥಿತಿ.

ಮೊದಲಿನ ಹಾಗೆ ವರ್ಷಗಟ್ಟಲೆಗೆ ಒಪ್ಪಂದ ಮಾಡಿಕೊಳ್ಳದೆ, ಸ್ವಲ್ಪ ಸ್ವಲ್ಪವೇ ಬಿಡುಗಡೆ ಮಾಡುವ ಪದ್ಧತಿಯನ್ನು ಜಾನ್ಸನ್ ತಂದರು. ಒಂದೊಂದು ಕಂತನ್ನೂ ತಾವೇ ನೋಡಿ ಒಪ್ಪುತ್ತಿದ್ದರು. ಭಾರತದಲ್ಲಿ ಎಲ್ಲಿ ಮಳೆ ಬಂತು, ಎಲ್ಲಿ ಬರಲಿಲ್ಲ ಅನ್ನುವುದೂ ಅವರಿಗೆ ಗೊತ್ತಿರುತ್ತಿತ್ತು. ಭಾರತ ಕೃಷಿಗೆ ಗಮನ ಕೊಡಲಿ ಅನ್ನುವುದು ಒಂದು ಉದ್ದೇಶ. ವಿಯೆಟ್ನಾಂ ಬಾಂಬ್ ದಾಳಿಯನ್ನು ದೆಹಲಿ ಟೀಕಿಸುವುದು ನಿಲ್ಲಲಿ ಅನ್ನುವುದೂ ಇತ್ತು. ಟೀಕೆ ನಿಲ್ಲಲಿಲ್ಲ. ಕೃಷಿ ಮಾತ್ರ ಬದಲಾಯಿತು. ಆಗಿನ ಆಹಾರ ಮಂತ್ರಿ ಸಿ. ಸುಬ್ರಮಣ್ಯಂ ಅಷ್ಟರಲ್ಲೇ ಹೊಸ ತಳಿಗಳ ಕಡೆ ಹೊರಟಿದ್ದರು. 1966ರಲ್ಲಿ 18 ಸಾವಿರ ಟನ್ ಮೆಕ್ಸಿಕೋ ಗೋಧಿ ಬೀಜ ಬಂತು. ಹಸಿರು ಕ್ರಾಂತಿಯನ್ನು ಜಾನ್ಸನ್ ಮಾಡಿಸಿದರು ಅನ್ನುವುದು ಅತಿಯಾಯಿತು. ಇನ್ನೊಬ್ಬರ ಮುಂದೆ ಕೈಚಾಚುವ ಅವಮಾನ ಅದಕ್ಕೆ ವೇಗ ಕೊಟ್ಟಿತು ಅನ್ನಬಹುದು.

ನಮ್ಮ ಕಡೆಯ ಹಿರಿಯರಿಗೆ ಶಾಲೆಯಲ್ಲಿ ಕೊಡುತ್ತಿದ್ದ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು ನೆನಪಿರಬಹುದು. ಕೇರ್ ಸಂಸ್ಥೆಯ ಮೂಲಕ ಬರುತ್ತಿದ್ದ ಆ ಸಾಮಾನು ಕೂಡ ಇದೇ ಕಾಯ್ದೆಯ ಇನ್ನೊಂದು ಭಾಗದ್ದು.

ಅಮೆರಿಕದಲ್ಲಿ ಇಷ್ಟು ಕನ್ನಡಿಗರಿರುವುದಕ್ಕೂ ಜಾನ್ಸನ್‌ಗೂ ಸಂಬಂಧ ಇದೆಯಾ?

ಖಂಡಿತ ಇದೆ. ಜಾನ್ಸನ್ ಕಾಲದ ಕಾಯ್ದೆಗಿಂತ ಮೊದಲು ಭಾರತಕ್ಕೆ ಇದ್ದ ವಲಸೆ ಕೋಟಾ ವರ್ಷಕ್ಕೆ 100. ನೂರೇ ಜನ! 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಜಾನ್ಸನ್ ಸಹಿ ಹಾಕಿದ ವಲಸೆ ಕಾಯ್ದೆ ದೇಶ ನೋಡಿ ಕೊಡುವ ಕೋಟಾ ತೆಗೆದುಹಾಕಿತು. ಏಷ್ಯಾ, ಯುರೋಪ್, ಆಫ್ರಿಕಾ ಕಡೆಯ ಒಂದೊಂದು ದೇಶಕ್ಕೂ ವರ್ಷಕ್ಕೆ 20 ಸಾವಿರದವರೆಗೆ ಅವಕಾಶ ಕೊಟ್ಟಿತು. ಸಂಬಂಧಿಕರಿಗೆ ಮತ್ತು ಕೆಲಸ ಬಲ್ಲವರಿಗೆ ಆದ್ಯತೆ. ಅದೇ ಹೊತ್ತಿಗೆ ಮೆಡಿಕೇರ್ ಬಂದು ಆಸ್ಪತ್ರೆಗಳಿಗೆ ಡಾಕ್ಟರುಗಳು ಬೇಕಾಗಿದ್ದರು. ಬೆಂಗಳೂರು, ಮೈಸೂರು, ಮಣಿಪಾಲದಲ್ಲಿ ಓದಿದ ಡಾಕ್ಟರುಗಳು, ಎಂಜಿನಿಯರುಗಳು ಹೊರಟಿದ್ದು ಈ ದಾರಿಯಲ್ಲೇ. ಕನ್ನಡ ಕೂಟಗಳು ಹುಟ್ಟಿದ್ದು ಆಮೇಲೆ.

ಮಜಾ ಏನೆಂದರೆ, ಇದೇನೂ ಕ್ರಾಂತಿಕಾರಿ ಮಸೂದೆಯಲ್ಲ, ಲಕ್ಷಾಂತರ ಜನರ ಬದುಕನ್ನು ಇದು ಮುಟ್ಟುವುದಿಲ್ಲ ಅಂತ ಜಾನ್ಸನ್ ಅವತ್ತು ಭಾಷಣದಲ್ಲಿ ಹೇಳಿದ್ದರು.

ಇಷ್ಟೆಲ್ಲ ಕಾಯ್ದೆ ಬಂದ ಮೇಲೂ ನಗರಗಳು ಯಾಕೆ ಹೊತ್ತಿ ಉರಿದವು?

ಮತದಾನದ ಕಾಯ್ದೆಗೆ ಸಹಿ ಬಿದ್ದ ಐದೇ ದಿನಕ್ಕೆ ಲಾಸ್ ಏಂಜಲೀಸ್‌ನ ವಾಟ್ಸ್‌ನಲ್ಲಿ ಗಲಭೆ ಶುರುವಾಯಿತು, 34 ಜನ ಸತ್ತರು. 1967ರಲ್ಲಿ ಡೆಟ್ರಾಯಿಟ್‌ನಲ್ಲಿ 43. ಜಾನ್ಸನ್‌ಗೆ ಇದು ಅರ್ಥವೇ ಆಗಲಿಲ್ಲ, ಇಷ್ಟು ಮಾಡಿದ ಮೇಲೂ ಹೀಗಾ ಅಂತ ನೊಂದುಕೊಂಡರು. ಆದರೆ ಆ ಕಾಯ್ದೆಗಳು ದಕ್ಷಿಣದಲ್ಲಿದ್ದ "ಬಿಳಿಯರಿಗೆ ಮಾತ್ರ" ಅನ್ನುವ ಬೋರ್ಡುಗಳನ್ನು ಕಿತ್ತುಹಾಕಿದ್ದವು. ಉತ್ತರದ ನಗರಗಳಲ್ಲಿ ಬೋರ್ಡೇ ಇರಲಿಲ್ಲ. ಅಲ್ಲಿನ ಕಷ್ಟ ಬೇರೆ: ಬಾಡಿಗೆಗೆ ಮನೆ ಸಿಗುವುದಿಲ್ಲ, ಕಾರ್ಖಾನೆ ಮುಚ್ಚಿದೆ, ಪೊಲೀಸರು ಹೊಡೆಯುತ್ತಾರೆ. ಗಲಭೆಗೆ ಕಾರಣ ಹುಡುಕಲು ಜಾನ್ಸನ್ ಅವರೇ ನೇಮಿಸಿದ ಕರ್ನರ್ ಆಯೋಗ 1968ರಲ್ಲಿ ಇದನ್ನೇ ನೇರವಾಗಿ ಹೇಳಿತು. ಜಾನ್ಸನ್ ಆ ವರದಿಯನ್ನು ಮೂಲೆಗೆ ಸರಿಸಿದರು. ಮನೆ ಮಾರುವಾಗ, ಬಾಡಿಗೆ ಕೊಡುವಾಗ ಭೇದ ಮಾಡಬಾರದು ಅನ್ನುವ ಕಾಯ್ದೆ ಬಂದದ್ದು ಆ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ.

1968ರಲ್ಲಿ ಮತ್ತೆ ನಿಲ್ಲಲು ಕಾನೂನು ಅಡ್ಡಿ ಇತ್ತಾ?

ಇಲ್ಲ. ಕೆನಡಿಯ ಅವಧಿಯಲ್ಲಿ ಅವರು ಮುಗಿಸಿದ್ದು ಕಾನೂನಿನ ಮಿತಿಯಾದ ಎರಡು ವರ್ಷಕ್ಕಿಂತ ಕಡಿಮೆ, ಹಾಗಾಗಿ ಇನ್ನೊಮ್ಮೆ ನಿಲ್ಲಬಹುದಿತ್ತು. ಜನವರಿ ಕೊನೆಯಲ್ಲಿ, ವಿಯೆಟ್ನಾಂನ ಹೊಸ ವರ್ಷದ ಹಬ್ಬವಾದ ಟೆಟ್ ಹೊತ್ತಿಗೆ, ಕಮ್ಯುನಿಸ್ಟರು ನಡೆಸಿದ ದಾಳಿ ಎಲ್ಲವನ್ನೂ ತಲೆಕೆಳಗು ಮಾಡಿತು. ಗೆಲುವು ಹತ್ತಿರದಲ್ಲಿದೆ ಅಂತ ಸರ್ಕಾರ ಹೇಳುತ್ತಿದ್ದಾಗಲೇ ಸೈಗಾನ್‌ನ ಅಮೆರಿಕನ್ ರಾಯಭಾರ ಕಚೇರಿಯ ಆವರಣಕ್ಕೇ ಅವರು ನುಗ್ಗಿದರು. ಮಾರ್ಚ್ 31ರಂದು ಜಾನ್ಸನ್ ಟಿವಿಯಲ್ಲಿ ಯುದ್ಧದ ಬಗ್ಗೆ ಮಾತಾಡಿ, ಕೊನೆಗೆ ತಾವು ಚುನಾವಣೆಗೆ ನಿಲ್ಲುವುದಿಲ್ಲ ಅಂದುಬಿಟ್ಟರು. 1955ರಲ್ಲೇ ಒಮ್ಮೆ ಹೃದಯಾಘಾತವಾಗಿತ್ತು, ಆ ಭಯವೂ ಇತ್ತು.

ನಿಕ್ಸನ್ ಶಾಂತಿ ಮಾತುಕತೆ ಕೆಡಿಸಿದರು ಅನ್ನುವುದು ನಿಜಾನಾ?

ಚುನಾವಣೆಗೆ ಕೆಲವೇ ದಿನ ಮೊದಲು, ಅಕ್ಟೋಬರ್ 31ರಂದು, ಜಾನ್ಸನ್ ಬಾಂಬ್ ದಾಳಿ ನಿಲ್ಲಿಸಿದರು. ತಕ್ಷಣ ದಕ್ಷಿಣ ವಿಯೆಟ್ನಾಂ ಮಾತುಕತೆಗೆ ಬರುವುದಿಲ್ಲ ಅಂದಿತು. ಕಾಯಿರಿ, ನಾವು ಗೆದ್ದರೆ ಇದಕ್ಕಿಂತ ಒಳ್ಳೆಯದಾಗುತ್ತದೆ ಅನ್ನುವ ಸಂದೇಶ ನಿಕ್ಸನ್ ಕಡೆಯಿಂದ, ಅವರ ಪಕ್ಷಕ್ಕೆ ಹಣ ಎತ್ತುತ್ತಿದ್ದ ಆನಾ ಶೆನಾಲ್ಟ್ ಮೂಲಕ ಹೋಗುತ್ತಿದೆ ಅಂತ ಗುಪ್ತಚರರಿಂದ ಜಾನ್ಸನ್‌ಗೆ ತಿಳಿಯಿತು. ಹಳೆಯ ಗೆಳೆಯ ಡರ್ಕ್‌ಸನ್‌ಗೆ ಫೋನ್ ಮಾಡಿ ಇದು ದೇಶದ್ರೋಹ ಅಂದರು. ಹೌದು, ಗೊತ್ತು ಅಂದರು ಡರ್ಕ್‌ಸನ್. ಕದ್ದು ಕೇಳಿಸಿಕೊಂಡ ಮಾತನ್ನು ಬಹಿರಂಗ ಮಾಡುವುದು ಹೇಗೆ ಅಂತ ಜಾನ್ಸನ್ ಸುಮ್ಮನಾದರು. ನಿಕ್ಸನ್ ಕೂದಲೆಳೆಯಲ್ಲಿ ಗೆದ್ದರು. ನಿಕ್ಸನ್ ಅವರೇ ಹೇಳಿ ಮಾಡಿಸಿದ್ದು ಅನ್ನುವುದಕ್ಕೆ ಅವರ ಆಪ್ತ ಹಾಲ್ಡೆಮನ್ ಬರೆದಿಟ್ಟ ಟಿಪ್ಪಣಿ ಆಮೇಲೆ ಸಿಕ್ಕಿದೆ. ಆದರೆ ಅದಿಲ್ಲದಿದ್ದರೆ ಶಾಂತಿ ಬಂದೇಬಿಡುತ್ತಿತ್ತು ಅಂತ ನನಗನ್ನಿಸುವುದಿಲ್ಲ.

ಒಳಗಿನ ಮಾತೆಲ್ಲ ಇಷ್ಟು ವಿವರವಾಗಿ ಹೇಗೆ ಗೊತ್ತು?

ಜಾನ್ಸನ್ ತಮ್ಮ ಫೋನ್ ಮಾತುಕತೆಯನ್ನು ಗುಟ್ಟಾಗಿ ರೆಕಾರ್ಡ್ ಮಾಡಿಸುತ್ತಿದ್ದರು. ಒಟ್ಟು 600 ಗಂಟೆಗೂ ಜಾಸ್ತಿ. ತಾವು ಸತ್ತ ಮೇಲೆ 50 ವರ್ಷ ತೆರೆಯಬೇಡಿ ಅಂದಿದ್ದರು. 1973ರ ಜನವರಿ 22ರಂದು ತೀರಿಕೊಂಡರು. ಆದರೆ 1990ರ ದಶಕದಲ್ಲೇ ಟೇಪುಗಳನ್ನು ತೆರೆಯಲು ಶುರು ಮಾಡಿದರು. ಆಸ್ಟಿನ್‌ನಲ್ಲಿರುವ ಅವರ ಗ್ರಂಥಾಲಯದಲ್ಲಿ ಅವು ಇವೆ, ಅಂತರ್ಜಾಲದಲ್ಲೂ ಕೇಳಬಹುದು. ಭಾರವಾದದ್ದನ್ನು ಕೇಳಿ ಸಾಕಾದರೆ 1964ರ ಆಗಸ್ಟ್‌ನ ಒಂದು ಕರೆ ಹುಡುಕಿ. ಟೊಂಕಿನ್ ನಿರ್ಣಯ ಆದ ಮರುದಿನಗಳಲ್ಲಿ ಅಧ್ಯಕ್ಷರು ಹ್ಯಾಗರ್ ಅನ್ನುವ ಬಟ್ಟೆ ಕಂಪನಿಯ ಮಾಲೀಕರಿಗೆ ಖುದ್ದು ಫೋನ್ ಮಾಡಿ, ಪ್ಯಾಂಟ್ ಎಲ್ಲೆಲ್ಲಿ ಬಿಗಿ, ಎಲ್ಲಿ ಸಡಿಲ ಬಿಡಬೇಕು, ಜೇಬು ಎಷ್ಟು ಆಳ ಇರಬೇಕು ಅಂತ ಸ್ವಲ್ಪವೂ ಸಂಕೋಚವಿಲ್ಲದೆ ಅಳತೆ ಕೊಡುತ್ತಾರೆ. ನಡುವೆ ಒಂದು ಜೋರು ತೇಗೂ ಕೇಳಿಸುತ್ತದೆ.